ಕಾವು ಬಂದ ತಿಪ್ಪೆ

ಗಿಡ್ಡಮ್ಮನ ಗುದ್ದಲಿಗೆ ಠಣ್ ಎಂದು ಏನೋ ತಗುಲಿತು.

"ಕಲ್ಲಿರ್‌ಬೇಕು," ಎನ್ನುತ್ತ ಅವಳು ಬಗ್ಗಿ ಗೊಬ್ಬರದೊಳಗೆ ಕೈ ಹಾಕಿದಳು. ಹೊರಗೆ ಬಂದದ್ದು ಕಲ್ಲಲ್ಲ. ಬೋರಲು ಹಾಕಿದ ಬಟ್ಟಲಿನಂಥ ಬೆಳ್ಳಿಯ ಕಿರೀಟ. ಅದರ ನೆತ್ತಿಯ ಮೇಲೆ ಎರಡು ಪುಟ್ಟ ಪಾದಗಳು!

"ಅಯ್ಯೋ ಶಿವನೇ! ಅಮ್ಮಾರೇ, ದೇವ್ರುದು ಇದು!" ಗಿಡ್ಡಮ್ಮ ಅದನ್ನು ನೆಲದ ಮೇಲಿಟ್ಟು ಕೂಗಿಕೊಂಡಳು.

ಅದು ಊರ ಗೋಪಾಲಸ್ವಾಮಿ ಗುಡಿಯ ಶಠಾರಿ. ತೀರ್ಥ ಕೊಟ್ಟಮೇಲೆ ಭಕ್ತರ ತಲೆಯ ಮೇಲೆ ಅರೆಗಳಿಗೆ ಇಟ್ಟು ತೆಗೆಯುತ್ತಾರಲ್ಲ, ಅದು. ದೇವರ ಪಾದವೆಂದೇ ಎಲ್ಲರ ಭಾವನೆ. ಯುದ್ಧ ಮುಗಿದ ವರ್ಷ ಅದು ಗುಡಿಯಿಂದ ಕಾಣೆಯಾಗಿ, ಅದರ ಜಾಗಕ್ಕೆ ತಾಮ್ರದ್ದೊಂದು ಬಂದಿತ್ತು. ಬೀಗದ ಕೈ ಇದ್ದದ್ದು ಆಗಿನ ಅರ್ಚಕರಾದ ಭಾಷ್ಯಂ ಅವರ ಹತ್ತಿರ. ಊರಿಗೆ ಅಷ್ಟೇ ಸಾಕಾಯಿತು. ಅವರನ್ನು ಕಳ್ಳನೆಂದು ಗುಡಿಯಿಂದ ಹೊರಗೆ ಹಾಕಿದರು. ಆ ಕೊರಗಿನಲ್ಲೇ ಅವರು ತೀರಿಹೋದರು. ಈಗ ಶಠಾರಿ ಸಿಕ್ಕಿದ್ದು ಅದೇ ಭಾಷ್ಯಂ ಅವರ ಹಿತ್ತಲ ತಿಪ್ಪೆಯಲ್ಲಿ, ಅವರ ಹೆಂಡತಿ ವೇದವಲ್ಲಮ್ಮನ ಕಣ್ಣೆದುರಿಗೆ.

ನಾನೂ ಅಲ್ಲೇ ನಿಂತಿದ್ದೆ. ನಾನು ಕಮಲಾಕ್ಷಮ್ಮ. ಅರಸೀಕೆರೆಯವಳು. ಹಳೇಬೀಡಿನಿಂದ ಹುಲಿಕೆರೆಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಗಿರುವ ಈ ಊರಿನ ಸ್ಕೂಲಿಗೆ ನನ್ನನ್ನು ಟೀಚರಾಗಿ ಹಾಕಿದ್ದರು. ಬಾಡಿಗೆಗೆ ಇದ್ದದ್ದು ವೇದವಲ್ಲಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಕಳ್ಳನ ಮನೆಯಲ್ಲಿ ಇರಬೇಡಿ ಎಂದು ಬುದ್ಧಿ ಹೇಳಿದವರು ಬಹಳ ಜನ. ಬೇರೆ ಕೋಣೆ ಕೊಡುತ್ತೇನೆಂದವರು ಒಬ್ಬರೂ ಇಲ್ಲ.

ಕೂಗು ಕೇಳಿ ಹಿತ್ತಲ ಮೋಟುಗೋಡೆಯ ಆಚೆಯಿಂದ ವರದರಾಜ ಓಡಿ ಬಂದ. ಭಾಷ್ಯಂ ಅವರ ತಮ್ಮ. ಅಣ್ಣನನ್ನು ತೆಗೆದಮೇಲೆ ಗುಡಿಯ ಅರ್ಚಕ. ಗುಡಿಗೆ ಹೋಗುವ ಓಣಿ ಆ ಗೋಡೆಗೆ ಅಂಟಿಕೊಂಡೇ ಇದೆ. ಪೂಜೆ ಮುಗಿಸಿಕೊಂಡು ಹೋಗುತ್ತಿದ್ದನಂತೆ.

ಬಂದವನೇ ಶಠಾರಿಯನ್ನು ಎರಡು ಕೈಯಲ್ಲೂ ಎತ್ತಿಕೊಂಡ. ಒಳಗೆ ಮೆತ್ತಿದ್ದ ಗೊಬ್ಬರದ ಜೊತೆ ಒಂದು ತುಳಸಿ ಕುಡಿ ಕೆಳಗೆ ಬಿತ್ತು. ವೇದವಲ್ಲಮ್ಮ ಅದನ್ನೆತ್ತಿ, ಕಣ್ಣಿಗೊತ್ತಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ವರದರಾಜ ಶಠಾರಿಯನ್ನು ಎದೆಗೊತ್ತಿಕೊಂಡು ಕುಸಿದು ಕುಳಿತ.

"ಅಯ್ಯೋ ಅಣ್ಣಾ! ನೀನೇನಾ? ನಿನ್ನ ಮೇಲೆ ಇಷ್ಟು ವರ್ಷ ನನಗೊಂದು ನಂಬಿಕೆ ಇತ್ತಲ್ಲೋ!"

ಅವನ ಅಳು ನೋಡಿ ನನಗೂ ಕಣ್ಣು ತುಂಬಿತು. ಇರಲಿ.

ಅಷ್ಟರಲ್ಲಿ ಪಟೇಲ ಚಿಕ್ಕಣ್ಣನವರು ಬಂದರು. ಗುಡಿಯ ಧರ್ಮದರ್ಶಿಯೂ ಅವರೇ. ಹಿಂದಿನ ದಿನ ಬಾಣಾವರಕ್ಕೆ ಹೋಗಿದ್ದವರು ಆಗ ತಾನೇ ಬಸ್ಸಿಳಿದು ಬರುತ್ತಿದ್ದರು. ಕೈಯಲ್ಲಿ ಚೀಲ ಇನ್ನೂ ಹಾಗೇ ಇತ್ತು. ಒಮ್ಮೆ ಶಠಾರಿ ನೋಡಿದರು, ಒಮ್ಮೆ ತಿಪ್ಪೆ ನೋಡಿದರು.

"ಇಷ್ಟ್ ವರ್ಷ ಇಲ್ದಿದ್ದು, ಈ ಹಾಳು ತಿಪ್ಪೆ ಮ್ಯಾಲೆ ಈಗ್ಯಾಕೆ ಪ್ರೀತಿ ಬಂತು ಅಂತಿದ್ದೆ. ಈಗ ಗೊತ್ತಾಯ್ತು ಬಿಡಿ ಅಮ್ಮಾ," ಎಂದರು.



ತಿಪ್ಪೆಯ ಮೇಲಿನ ಪ್ರೀತಿಯ ವಿಷಯ ನಾನು ಹೇಳುತ್ತೇನೆ. ಗುಡಿಗೆ ಹೂವು ತುಳಸಿ ಒದಗಿಸುವ ಸೇವೆ ಹಿಂದಿನಿಂದ ಭಾಷ್ಯಂ ಅವರ ಮನೆಯದು. ಅದಕ್ಕೆಂದು ಕೆರೆಯ ಕೆಳಗೆ ಒಂದು ತುಂಡು ಹೂವಿನ ಮಾನ್ಯದ ಗದ್ದೆಯೂ ಇತ್ತು. ಕಳವಿನ ನಂತರ ಸೇವೆ, ಗದ್ದೆ ಎರಡೂ ವರದರಾಜನಿಗೆ ಹೋದವು. ಗದ್ದೆಯ ಭತ್ತ ಅವನ ಮನೆಗೆ ತಪ್ಪದೆ ಬರುತ್ತಿತ್ತು. ಹೂವು ಮಾತ್ರ ಗುಡಿಗೆ ಬರುತ್ತಿರಲಿಲ್ಲ. ಕಣಗಿಲೆ ಸಿಕ್ಕಿದರೆ ಕಣಗಿಲೆ, ಇಲ್ಲದಿದ್ದರೆ ಮಂತ್ರಾಕ್ಷತೆ. ಊರವರು ಗೊಣಗತೊಡಗಿದಾಗ ಚಿಕ್ಕಣ್ಣನವರು ವೇದವಲ್ಲಮ್ಮನಿಗೆ, "ನಿಮ್ ಹಿತ್ತಲಲ್ಲಿ ಹೂವು ಬೆಳ್ದು ತೋರಿಸ್ರಮ್ಮ, ಸೇವೆ ನಿಮ್ಗೇ ವಾಪಸ್ ಕೊಡಾನ," ಎಂದಿದ್ದರು.

ಹೂವು ಬೆಳೆಯಲು ಗೊಬ್ಬರ ಬೇಕು. ಕಳ್ಳನ ಹೆಂಡತಿಗೆ ಒಂದು ಮಂಕರಿ ಗೊಬ್ಬರ ಕೊಡುವವರು ಯಾರು? ಹಸುಗಳನ್ನು ಮಾರಿದ ಮೇಲೆ ಹಾಳು ಬಿದ್ದಿದ್ದ ತಿಪ್ಪೆಯೊಂದೇ ಅವರಿಗೆ ಉಳಿದದ್ದು. ಔಡಲ ಗಿಡ ಬೆಳೆದು, ಹಾವಿನ ಹುತ್ತವಿದ್ದರೂ ಇರಬಹುದು ಎಂಬಂತಿದ್ದ ಆ ಗುಡ್ಡೆಗೆ ಆ ಹೆಂಗಸು, ಕೂಲಿಗೆ ಬರುತ್ತಿದ್ದ ಗಿಡ್ಡಮ್ಮನನ್ನು ಜೊತೆಮಾಡಿಕೊಂಡು, ಜೀವ ತುಂಬಲು ಹೊರಟರು. ನಾನು ನಕ್ಕಿದ್ದೆ. ಆಮೇಲೊಂದು ಬೆಳಿಗ್ಗೆ ತಿಪ್ಪೆಯಿಂದ ಹಬೆ ಏಳುವುದನ್ನು ಕಂಡು ನಗು ನಿಲ್ಲಿಸಿದೆ.

ಅವತ್ತು ಸಂಜೆಯೇ ಚಿಕ್ಕಣ್ಣನವರು ಹೇಳಿ ಕಳಿಸಿದರು. ಹೂವಿನ ಸೇವೆ ಇಲ್ಲ. ಗುಡಿಯ ಮೆಟ್ಟಿಲು ಹತ್ತುವುದೂ ಬೇಡ.

"ಹೂವು ಹೋಗಲಿ ಕಮಲ," ಎಂದರು ವೇದವಲ್ಲಮ್ಮ. "ಸೇವೆ ವಾಪಸು ಬಂದರೆ ಅವರ ಹೆಸರೂ ವಾಪಸು ಬಂದ ಹಾಗೆ ಅಂದುಕೊಂಡಿದ್ದೆ. ಅವರನ್ನ ಎರಡನೇ ಸಲ ಸುಟ್ಟ ಹಾಗಾಯಿತು."

ಅವರು ಊಟ ಬಿಟ್ಟರು. ನಾನು ಅರಸೀಕೆರೆಗೆ ಒಂದು ಕಾರ್ಡು ಬರೆದು ಹಾಕಿದೆ.

*

ನನ್ನ ಸೋದರಮಾವ ಅನಂತಸ್ವಾಮಿ ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಈಗ ಅರಸೀಕೆರೆಯಲ್ಲಿ ಗುಲಾಬಿ, ಬದನೆ ಬೆಳೆದುಕೊಂಡಿದ್ದಾರೆ. ಕಳ್ಳರ ವಿಷಯ ಕೇಳಿದರೆ ಆಕಳಿಸುತ್ತಾರೆ; ಗೊಬ್ಬರದ ವಿಷಯ ಎತ್ತಿದರೆ ಊಟ ಮರೆಯುತ್ತಾರೆ. ಬಸ್ಸಿಳಿದವರು ಕಾಫಿಯನ್ನೂ ಕೇಳದೆ ನೆಟ್ಟಗೆ ಹಿತ್ತಲಿಗೆ ಹೋದರು.

ಗಿಡ್ಡಮ್ಮ ಕೆದಕಿದ್ದ ಗೋಡೆಯ ಕಡೆಯ ಅಂಚು ಬಿಟ್ಟರೆ ತಿಪ್ಪೆ ಹಾಗೇ ಇತ್ತು. ಮಾವ ಮೂಲೆಯಲ್ಲಿದ್ದ ಹಾರೆಯನ್ನು ಅದರೊಳಗೆ ಚುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಎಳೆದು ತುದಿ ಮುಟ್ಟಿದರು. ಫಕ್ಕನೆ ಕೈ ತೆಗೆದರು.

"ಭೇಷ್! ಯಾರು ಮಾಡಿದ್ದು ಇದನ್ನ?"

"ನಾನೇ," ಎಂದರು ವೇದವಲ್ಲಮ್ಮ ಬಾಗಿಲ ಮರೆಯಿಂದ.

"ಹೇಗೆ ಮಾಡಿದಿರಿ? ಪೂರ್ತಿ ಹೇಳಿ."

"ಒಣಗಿ ಬೂದಿಯ ಹಾಗಾಗಿತ್ತು. ಕಲ್ಲು, ಮಡಕೆ ಚೂರು ಆರಿಸಿದೆ. ಗುಡ್ಡೆ ಒಡೆದು, ಒಂದು ವರಸೆ ಹಳೇ ಗೊಬ್ಬರ, ಒಂದು ವರಸೆ ಹೊಂಗೆ ಸೊಪ್ಪು ಹಾಕಿ ಮತ್ತೆ ಕಟ್ಟಿದೆ. ಗಿಡ್ಡಮ್ಮ ಸಗಣಿ ತಂದುಕೊಟ್ಟಳು. ಕದಡಿ ಸುರಿದೆ. ನೀರು ಚಿಮುಕಿಸಿ ತೆಂಗಿನ ಗರಿ ಮುಚ್ಚಿದೆ. ದಿನಾ ಹಾರೆ ಚುಚ್ಚಿ ನೋಡ್ತಿದ್ದೆ. ಮೊದಲು ತಣ್ಣಗೇ ಇರ್ತಿತ್ತು. ಹುಣ್ಣಿಮೆ ಆದಮೇಲೆ ಕಾವು ಬಂತು."

"ಅವತ್ತು ಕೆದಕಿದ್ದು ಯಾಕೆ?"

"ಒಳಗಿಂದು ಹೊರಗೆ, ಹೊರಗಿಂದು ಒಳಗೆ ಮಗುಚಬೇಕಲ್ಲ. ಶುಕ್ರವಾರ ಬತ್ತೀನಿ ಅಂತ ಗಿಡ್ಡಮ್ಮ ಹೇಳಿದ್ದಳು."

"ಅದು ಯಾರಿಗೆಲ್ಲ ಗೊತ್ತಿತ್ತು?"

"ಬಾವಿಕಟ್ಟೆಯಲ್ಲಿ ನಿಂತು ಕೂಗಿ ಹೇಳಿದ್ದಳು. ಊರಿಗೆಲ್ಲ ಗೊತ್ತು."

ಮಾವ ನನ್ನ ಕಡೆ ತಿರುಗಿದರು. "ಈಗ ನೀನು ಹೇಳೇ. ಗುದ್ದಲಿ ತಗುಲಿದಾಗಿನಿಂದ. ಏನನ್ನೂ ಬಿಡಬೇಡ."

ಹೇಳಿದೆ. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಎರಡನೇ ಸಲ ನಡುವೆಯೇ ಕೈ ಎತ್ತಿ, "ಸಾಕು," ಎಂದರು. "ಸ್ಕೂಲಲ್ಲಿ ಮಕ್ಕಳಿಗೆ ಪಾಠ ಹೇಳ್ತೀಯಲ್ಲ, ನಿನಗೆ ಯಾರು ಹೇಳಿದ್ದು?"

ನನಗೆ ಸಿಟ್ಟು ಬಂತು. "ನಾನು ಏನು ಬಿಟ್ಟೆ?"

"ನೀನು ಏನೂ ಬಿಡಲಿಲ್ಲ. ಕಂಡದ್ದನ್ನ ಯೋಚಿಸಲಿಲ್ಲ, ಅದಕ್ಕೇ ಕೇಳಿದ್ದು. ಅವತ್ತು ಬೆಳಿಗ್ಗೆ ಇವರು ಎಲ್ಲಿದ್ದರು?"

"ಮೊದಲ ಕೋಳಿ ಕೂಗಿದಾಗಿನಿಂದ ನನ್ನ ಜೊತೇಲೇ. ಶುಕ್ರವಾರ ಅಂತ ನಡುಮನೆ ಸಾರಿಸಿದೆವು, ರಂಗೋಲಿ ಹಾಕಿದೆವು. ಗಿಡ್ಡಮ್ಮ ಬರೋವರೆಗೂ ಹಿತ್ತಲ ಬಾಗಿಲು ತೆಗೆದೇ ಇಲ್ಲ."

"ಒಳ್ಳೇದು. ಗಿಡ್ಡಮ್ಮನ್ನ ಕರಿ."

ಗಿಡ್ಡಮ್ಮ ಬಂದವಳು ಕಂಬದ ಮರೆಗೇ ನಿಂತುಕೊಂಡಳು.

"ಹೆದರಬೇಡಮ್ಮ. ಎಷ್ಟು ಆಳದಲ್ಲಿತ್ತು?"

"ಮೊಣಕೈ ಮಟ್ಟ ಇತ್ತು ಸ್ವಾಮಿ. ಗೋಡೆ ಮಗ್ಗುಲಾಗೆ."

"ಅಲ್ಲಿ ಗೊಬ್ಬರ ಗಟ್ಟಿಯಾಗಿತ್ತಾ, ಸಡಿಲ ಇತ್ತಾ?"

"ಎಲ್ಲಾ ಸಡ್ಲವೇ. ನಾವೇ ಒಡ್ದು ಕಟ್ಟಿದ್ವಲ್ಲಾ."

"ಕಟ್ಟುವಾಗ ಶಠಾರಿ ಕಾಣಿಸಲಿಲ್ವಾ?"

"ಇಲ್ಲ ಕಣ್ ಸ್ವಾಮಿ. ಇದ್ದಿದ್ರೆ ಕಾಣಾದು. ಆದ್ರೆ ಪಟೇಲ್ರು ಕೇಳ್ಬೇಕಲ್ಲ? ಹೆಂಟೆ ಒಳ್ಗೆ ಸೇರ್ಕಂಡಿತ್ತು, ನಿಂಗ್ ಕಾಣಿಲ್ಲ ಅಂದ್ರು. ನಾನೂ ಕೈ ಜೋಡ್ಸಿವ್ನಿ ಅಂದ್ರು."

"ಶಠಾರಿ ಒಳಗಡೆ ಏನಿರುತ್ತೆ, ಗೊತ್ತಾ?"

"ನಂಗೆಂಗ್ ಗೊತ್ತಾಯ್ತದೆ? ನಾವು ದೂರದಲ್ಲಿ ನಿಂತು ಕೈ ಮುಗಿಯಾರು."

ಚಿಕ್ಕಣ್ಣನವರ ಮನೆಗೆ ಹೋದೆವು. ಮಜ್ಜಿಗೆ ಕೊಟ್ಟರು. ಮುಖ ಮಾತ್ರ ಹುಳಿಯಾಗಿತ್ತು.

"ಸಿಕ್ಕಿದ್ಮೇಲೂ ತನಿಖೆ ಏನೈತೆ ಇನ್‌ಸ್ಪೆಕ್ಟ್ರೇ? ಸತ್ತೋರ್ನ ಜೈಲಿಗೆ ಹಾಕ್ತೀರಾ?"

"ಆಗ ಭಾಷ್ಯಂ ಮನೆ ಶೋಧ ಮಾಡಿಸಿದಿರಾ?"

"ಮಾಡಿಸ್ದೆ. ಅಟ್ಟ, ಕಣಜ, ಬಾವಿ, ಎಲ್ಲಾ."

"ತಿಪ್ಪೆ?"

"ತಿಪ್ಪೇಲಿ ದೇವ್ರ ಪಾದ ಯಾರಾದ್ರೂ ಇಡ್ತಾರಾ ಅಂತ ಬಿಟ್ವಿ. ಆ ವಯ್ಯ ಇಟ್ಟವ್ನೆ!"

"ವರದರಾಜನ ಮನೆ?"

"ಅವ್ರ ಮನೆ ಯಾಕೆ? ಬೀಗದ್ ಕೈ ಅಣ್ಣನ ತಾವ ಇತ್ತು."

"ರಾತ್ರಿ ಅಣ್ಣ ಮಲಗಿದ್ದಾಗ ತಮ್ಮನ ಕೈಗೆ ಸಿಗ್ತಿರಲಿಲ್ವಾ? ಆಗ ತಮ್ಮ ಆ ಮನೆಗೆ ಹೊತ್ತುಗೊತ್ತಿಲ್ಲದೆ ಬಂದು ಹೋಗ್ತಿದ್ದ ಅಂತ ಕೇಳಿದೆ."

ಚಿಕ್ಕಣ್ಣನವರು ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಹೋಗಲಿ. ಶಠಾರಿ ಒಳಗಡೆ ಏನಿರುತ್ತೆ?"

"ಇದೇನ್ ಒಗಟು? ಅದು ನಮ್ ಕೈಗೆಲ್ಲಿ ಬತ್ತದೆ? ತಲೆ ಮ್ಯಾಲೆ ಇಡ್ತಾರೆ, ಕಣ್ ಮುಚ್ಕತೀವಿ, ಮುಗೀತು."

ವರದರಾಜ ಗುಡಿಯ ಜಗಲಿಯಲ್ಲಿ ಕುಳಿತು ಶಠಾರಿಯನ್ನು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದ. ಸಗಣಿ ತಾಗಿದ್ದನ್ನು ಸಗಣಿ ಸೇರಿದ ಪಂಚಗವ್ಯದಿಂದಲೇ ಶುದ್ಧಿ ಮಾಡಬೇಕಾಗಿತ್ತು. ಆ ಏರ್ಪಾಟು ನಡೆದಿತ್ತು.

"ನೋಡಿ ಸ್ವಾಮಿ, ಎಷ್ಟು ಕಪ್ಪಾಗಿದೆ! ಇಷ್ಟು ವರ್ಷ ಗೊಬ್ಬರದಲ್ಲಿ ಬಿದ್ದಿತ್ತಲ್ಲ."

"ಬೆಳ್ಳಿ ಅಟ್ಟದ ಮೇಲಿಟ್ಟರೂ ಕಪ್ಪಾಗುತ್ತೆ," ಎಂದರು ಮಾವ. "ನನಗೆ ಗುಡಿ ಶಾಸ್ತ್ರ ಗೊತ್ತಿಲ್ಲ. ಶಠಾರಿಯನ್ನ ಇಡೋದಕ್ಕೆ ಏನಾದರೂ ಕ್ರಮ ಇದೆಯಾ?"

ವರದರಾಜನ ಬೆನ್ನು ನೆಟ್ಟಗಾಯಿತು. ಶಾಸ್ತ್ರದ ಮಾತು ಬಂದರೆ ಅವನಿಗೆ ಹಾಗೆ.

"ಇಲ್ಲದೆ ಏನು? ಇದು ಭಗವಂತನ ಪಾದ. ಬರಿದಾಗಿ ಇಡೋ ಹಾಗಿಲ್ಲ. ಕೆಳಗೆ ಒಂದು ಕುಡಿ ತುಳಸಿ ಇಟ್ಟೇ ಇಡಬೇಕು. ನಮ್ಮ ತಂದೆ ಕಾಲದಿಂದ ಹಾಗೇ. ಮರೆತರೆ ಮಹಾ ದೋಷ."

"ನೀವು ಯಾವತ್ತಾದರೂ ಮರೆತಿದ್ದೀರಾ?"

"ನಾನಾ? ನಿದ್ದೆಯಲ್ಲೂ ಮರೆಯೋದಿಲ್ಲ ಸ್ವಾಮಿ."

"ಬೆಳಗಿನ ಪೂಜೆಗೆ ತುಳಸಿ?"

"ಮನೆಯಿಂದ ಮಡಿಯಲ್ಲಿ ತರ್ತೀನಿ. ಇದೇ ಓಣಿಯಲ್ಲಿ."

ಮಾವ ಕೈ ಮುಗಿದು ಎದ್ದರು. ದೀಪ ಹಚ್ಚುವ ಹೊತ್ತಿಗೆ ಅವರು ತಿಪ್ಪೆಯ ಹತ್ತಿರ ಅಂಗಿಯ ತೋಳು ಮಡಿಸಿ ನಿಂತಿದ್ದರು. ಒಂದು ಹಿತ್ತಾಳೆ ಬಟ್ಟಲನ್ನು ಗೊಬ್ಬರದೊಳಗೆ ಬೋರಲು ಹಾಕಿ ಮುಚ್ಚುತ್ತಿದ್ದರು.

"ಇದೇನು ಮಾವ?"

"ತಿಪ್ಪೆಗೆ ಒಂದು ಪ್ರಶ್ನೆ ಕೇಳಿದೀನಿ. ಬೆಳಿಗ್ಗೆ ಹೇಳುತ್ತೆ."

*

ಬೆಳಿಗ್ಗೆ ಹಿತ್ತಲಲ್ಲಿ ಚಿಕ್ಕಣ್ಣನವರು, ವರದರಾಜ, ಗಿಡ್ಡಮ್ಮ. ಗೋಡೆಯಾಚೆ ಓಣಿಯಲ್ಲಿ ಅರ್ಧ ಊರು. ಕರೆಯದಿದ್ದರೂ ಬರುವ ಜನ, ವೇದವಲ್ಲಮ್ಮ ಕರೆದಾಗ ಎಂದೂ ಬಂದಿರಲಿಲ್ಲ.

"ಎಲ್ಲರೂ ಶಠಾರಿ ನೋಡಿದಿರಿ," ಎಂದು ಮಾವ ಶುರು ಮಾಡಿದರು. "ಅದರ ಜೊತೆ ಬಿದ್ದದ್ದನ್ನ ಯಾರಾದರೂ ನೋಡಿದಿರಾ?"

ಜನ ಗೋಡೆಯ ಮೇಲೆ ಇನ್ನಷ್ಟು ಬಗ್ಗಿದರು.

"ಕಮಲ ನೋಡಿದಳು. ನೋಡಿಯೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ದೇವರ ವಸ್ತು ಅಂದಮೇಲೆ ತುಳಸಿ ಇರೋದೇ ಅಲ್ವಾ ಅಂತ. ಹೌದು, ಗುಡಿಯಲ್ಲಿ ಇರುತ್ತೆ. ತಿಪ್ಪೆ ಒಳಗೆ ಹೇಗೆ ಬಂತು? — ವೇದವಲ್ಲಮ್ಮನವರೇ, ಆ ಕುಡಿ ಏನಾಯ್ತು?"

ವೇದವಲ್ಲಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮೆಲ್ಲಗೆ ಸೆರಗಿನ ಗಂಟು ಬಿಚ್ಚಿದರು. ಒಣಗಿದ ತುಳಸಿ ಕುಡಿ. ಎಲೆ ಸುರುಟಿಕೊಂಡಿತ್ತು, ಆದರೆ ಹಸಿರು ಹಸಿರಾಗಿಯೇ ಇತ್ತು. ಅಂಗೈಯಲ್ಲಿ ಹಿಡಿದಾಗ ನನ್ನ ಮೂಗಿಗೆ ವಾಸನೆ ಬಂತು.

"ಯಾಕಮ್ಮ ಇಟ್ಟುಕೊಂಡಿರಿ?"

"ಗುಡಿ ಪ್ರಸಾದ ಕೈಗೆ ಬಂದು ಎಷ್ಟು ವರ್ಷ ಆಗಿತ್ತು," ಎಂದರು ಅವರು. "ಬಿಸಾಡೋದಕ್ಕೆ ಮನಸ್ಸು ಬರಲಿಲ್ಲ."

ಮಾವ ಹಾರೆಯಿಂದ ಗೊಬ್ಬರ ಸರಿಸಿ, ಹಿಂದಿನ ಸಂಜೆ ಇಟ್ಟಿದ್ದ ಬಟ್ಟಲನ್ನು ಎತ್ತಿದರು. ಒಳಗಿದ್ದದ್ದನ್ನು ಚಿಕ್ಕಣ್ಣನವರ ಅಂಗೈಗೆ ಹಾಕಿದರು.

"ಏನಿದು?"

"ಸೊಪ್ಪು ಬೇಯ್ಸಿದ್ದಂಗೈತೆ. ಕರ್ರಗೆ."

"ಅದೂ ತುಳಸಿಯೇ. ನಿನ್ನೆ ಸಂಜೆ ಇಟ್ಟದ್ದು. ಒಂದೇ ರಾತ್ರಿಗೆ ಹೀಗಾಗಿದೆ! ಅವರ ಸೆರಗಿನಲ್ಲಿರೋದು ಹಸಿರಾಗಿದೆ. ಭಾಷ್ಯಂ ಇಟ್ಟಿದ್ದರೆ ಅದು ಇಷ್ಟು ಹೊತ್ತಿಗೆ ಮಣ್ಣಾಗಿರಬೇಕಿತ್ತು. ಹಿಂದಿನ ರಾತ್ರಿ ಇಟ್ಟಿದ್ದರೂ ಕಪ್ಪಾಗಿರಬೇಕಿತ್ತು. ಅಂದಮೇಲೆ ಶಠಾರಿ ಈ ತಿಪ್ಪೆಗೆ ಬಂದದ್ದು ಯಾವಾಗ? ಅದೇ ಶುಕ್ರವಾರ, ಬೆಳಕು ಹರಿಯೋ ಹೊತ್ತಿಗೆ!"

ಓಣಿಯಲ್ಲಿ ಗುಜುಗುಜು ಎದ್ದಿತು.

"ಆಗ ವೇದವಲ್ಲಮ್ಮ ಕಮಲನ ಜೊತೆ ನಡುಮನೆಯಲ್ಲಿದ್ದರು. ಪಟೇಲರು ಬಾಣಾವರದಲ್ಲಿದ್ದರು. ಗಿಡ್ಡಮ್ಮನಿಗೆ ಶಠಾರಿಯ ಒಳಗೇನಿರುತ್ತೆ ಅಂತಲೇ ಗೊತ್ತಿಲ್ಲ. ಪಟೇಲರಿಗೂ ಗೊತ್ತಿಲ್ಲ. ಅದನ್ನ ತಲೆ ಮೇಲೆ ಇಡಿಸಿಕೊಳ್ಳೋರಿಗೆ ಗೊತ್ತಾಗೋದಿಲ್ಲ. ಕೈಯಲ್ಲಿ ಎತ್ತಿ ಇಡೋರಿಗೆ ಮಾತ್ರ ಗೊತ್ತು. ಕಳ್ಳನಾದವನು ಬೆಳ್ಳಿಯನ್ನ ತಿಪ್ಪೆಗೆ ತುರುಕಿ ಓಡಿಹೋಗ್ತಾನೆ. ಇವನು ಮಡಿಯಲ್ಲಿ ತಂದಿದ್ದ ತುಳಸಿಯಿಂದ ಒಂದು ಕುಡಿ ತೆಗೆದು, ಕೆಳಗಿಟ್ಟು, ಅದರ ಮೇಲೆ ದೇವರ ಪಾದ ಇಟ್ಟಿದ್ದಾನೆ. ಬರಿದಾಗಿ ಇಟ್ಟರೆ ದೋಷ! — ನಿದ್ದೆಯಲ್ಲೂ ಮರೆಯೋದಿಲ್ಲ ಅಂದಿರಲ್ಲ, ವರದರಾಜ?"

ವರದರಾಜ ಗೋಡೆಯ ಕಡೆ ನೋಡಿದ. ಗೋಡೆಯ ತುಂಬ ಮುಖಗಳು.

"ಬರೀ ಬೆಳ್ಳಿ ಆಗಿದ್ದರೆ ಯಾವತ್ತೋ ಕರಗಿಸ್ತಿದ್ದೆ," ಎಂದ. "ಅಟ್ಟದ ಮೇಲೂ ದಿನಾ ತುಳಸಿ ಬದಲಾಯಿಸ್ತಿದ್ದೆ. ಪೂಜೆ ಅಣ್ಣನದು, ಗದ್ದೆ ಅಣ್ಣನದು. ನನಗೇನಿತ್ತು? ಈಗ ಹೂವಿನ ಸೇವೆ ಅಂತ ಅತ್ತಿಗೆ ಹೊರಟರು. ಗದ್ದೆ ಹೋಗೋದು... ಆದರೆ ದೇವರ ಪಾದಾನ ಸಗಣಿಯಲ್ಲಿ ಬರಿದಾಗಿ ಹೇಗೆ ಇಡಲಿ?"

ವೇದವಲ್ಲಮ್ಮ ಅವನೆದುರು ಬಂದು ನಿಂತರು.

"ನಿಮ್ಮಣ್ಣ ಹೋಗೋ ದಿನ ನಿನ್ನ ಬಾಗಿಲಿಗೆ ಬಂದು ಕೇಳಿದ್ದೆ. ಒಂದು ಸಲ ಅವರ ತಲೆ ಮೇಲೆ ಶಠಾರಿ ಇಡು ವರದ, ತಾಮ್ರದ್ದಾದರೂ ಸರಿ ಅಂತ. ಕಳ್ಳರಿಗೆ ಇಡೋದಿಲ್ಲ ಅಂದೆ. ಆಗ ಇದು ನಿನ್ನ ಅಟ್ಟದ ಮೇಲಿತ್ತು. ಅದಕ್ಕೆ ತುಳಸಿ ಇಟ್ಟೆ. ನಿಮ್ಮಣ್ಣನ ಬಾಯಿಗೆ ಒಂದು ದಳ ಹಾಕಲಿಲ್ಲವಲ್ಲೋ!"

ಅವರು ಅಳಲಿಲ್ಲ. ಅತ್ತವರು ನಾನು, ಗಿಡ್ಡಮ್ಮ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಕಳ್ಳ ಸಿಕ್ಕಿದ, ಸತ್ಯ ಗೆದ್ದಿತು ಎಂದು ಬರೆದು 'ಶುಭಂ' ಹಾಕುವ ಆಸೆ ನನಗೂ ಇತ್ತು. ಆದರೆ ಊರೆಂದರೆ ಏನೆಂದು ನನಗೆ ಗೊತ್ತಾದದ್ದು ಆಮೇಲೆ.

ಚಿಕ್ಕಣ್ಣನವರು ಕೈ ಒರೆಸಿಕೊಂಡು ಗಂಟಲು ಸರಿಮಾಡಿಕೊಂಡರು. "ಆಯ್ತು. ದೇವ್ರ ವಸ್ತು ದೇವ್ರಿಗೆ ಸೇರ್ತು. ಇದ್ನ ಬೆಳ್ಸಾದು ಬ್ಯಾಡ. ಪೋಲೀಸು ಗೀಲೀಸು ಅಂತ ಹೋದ್ರೆ ನಾಳಿಂದ ಪೂಜೆ ಮಾಡೋರ್ ಯಾರವ್ರೆ? ಗುಡಿ ಬಾಗ್ಲು ಮುಚ್ಬೇಕಾ?"

"ದೂರು ಕೊಡಬೇಕಾದವರು ನೀವು," ಎಂದರು ಮಾವ.

"ನಾನು ಕೊಡಾಕಿಲ್ಲ. ಅಮ್ಮಾ, ನಿಮ್ ಹೂವಿನ ಸೇವೆ ನಿಮ್ಗೇ. ಗದ್ದೆನೂ ನಿಮ್ಗೇ. ಇನ್ನೇನ್ ಬೇಕು?"

"ಗದ್ದೆ ಬೇಡ. ಗುಡಿಯಲ್ಲಿ ಎಲ್ಲರ ಎದುರು ಒಂದು ಮಾತು ಹೇಳಿ. ಭಾಷ್ಯಂ ಕದಿಯಲಿಲ್ಲ ಅಂತ."

"ಎಲ್ರಿಗೂ ಗೊತ್ತಾಯ್ತಲ್ಲಮ್ಮ. ಮತ್ತೆ ಬಾಯ್ಬಿಟ್ಟು ಹೇಳಾದ್ಯಾಕೆ?"

ಹೇಳಿದರೆ ತಾವು ಮಾಡಿದ ತೀರ್ಮಾನವೂ ತಪ್ಪೆಂದು ಹೇಳಬೇಕಾಗುತ್ತದೆ. ಅಷ್ಟೇ ವಿಷಯ. ಒಬ್ಬ ಸತ್ತವನ ಹೆಸರಿಗಿಂತ ಒಬ್ಬ ಬದುಕಿದವನ ಮೀಸೆ ದೊಡ್ಡದು. ಮಾವ ಆ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟರು. ಹೋಗುವಾಗ ಚಿಕ್ಕಣ್ಣನವರ ಮನೆಯ ಮುಂದೆ ಹಾದರೂ ಆ ಕಡೆ ತಿರುಗಿ ನೋಡಲಿಲ್ಲ.

ಶನಿವಾರ ಗುಡಿಯಲ್ಲಿ ಜನವೋ ಜನ. ಶುದ್ಧಿಯಾದ ಬೆಳ್ಳಿ ಶಠಾರಿ ಇಡಿಸಿಕೊಳ್ಳಲು ಎಲ್ಲರಿಗೂ ಆತುರ. ವೇದವಲ್ಲಮ್ಮ ಸಾಲಿನಲ್ಲಿ ನಿಂತರು, ಅವರ ಹಿಂದೆ ನಾನು. ತೀರ್ಥ, ತುಳಸಿ ಕೊಟ್ಟು ವರದರಾಜ ಶಠಾರಿ ಹಿಡಿದು ಬಂದ.

"ನಿಮ್ಮಣ್ಣ ಕದಿಯಲಿಲ್ಲ ಅಂತ ಹೇಳಿ ಇಡು," ಎಂದರು ವೇದವಲ್ಲಮ್ಮ, ಇಡೀ ಗುಡಿಗೆ ಕೇಳುವಂತೆ.

ಚಿಕ್ಕಣ್ಣನವರು ದೀಪದ ಬತ್ತಿ ನೋಡುತ್ತಿದ್ದರು. ವರದರಾಜನ ಬಾಯಿ ಅಲ್ಲಾಡಿತು, ಮಾತು ಬರಲಿಲ್ಲ. ಶಠಾರಿ ಅವರ ತಲೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ವೇದವಲ್ಲಮ್ಮ ತಲೆ ಬಗ್ಗಿಸಲಿಲ್ಲ. ತಿರುಗಿ ಹೊರಗೆ ನಡೆದರು. ನಾನೂ ನಡೆದೆ. ನಮ್ಮ ಹಿಂದಿದ್ದವರು ಒಂದು ಹೆಜ್ಜೆ ಮುಂದೆ ಸರಿದು ತಲೆ ಬಗ್ಗಿಸಿದರು.

ತಿಪ್ಪೆಯ ಕಾವು ಇಳಿದು, ಗೊಬ್ಬರ ಕರ್ರಗೆ, ಉದುರು ಉದುರಾಗಿ ಹದಕ್ಕೆ ಬಂತು. ಅದನ್ನು ಗಿಡ್ಡಮ್ಮನ ಹೊಲಕ್ಕೆ ಹೊರಿಸಿ, ಒಂದು ಮಂಕರಿ ಮಾತ್ರ ವೇದವಲ್ಲಮ್ಮ ಉಳಿಸಿಕೊಂಡರು. ಅದರಲ್ಲಿ ತುಳಸಿ ಹಾಕಿದರು. ಸೊಂಪಾಗಿ ಎದ್ದ ಆ ತುಳಸಿಯನ್ನು ನೋಡಿ ಏಕಾದಶಿಗೆ ಗುಡಿಯಿಂದ ಆಳು ಬಂದಾಗ, "ಭಾಷ್ಯಂ ಅವರ ಮನೆ ತುಳಸಿ ಬೇಕು ಅಂತ ಪಟೇಲರು ಬಂದು ಬಾಯಿಬಿಟ್ಟು ಕೇಳಲಿ, ಕೊಡ್ತೀನಿ," ಎಂದರು.

ಪಟೇಲರು ಬರಲಿಲ್ಲ. ಆ ಏಕಾದಶಿಗೆ ಹಳೇಬೀಡಿನಿಂದ ತುಳಸಿ ತರಿಸಿದರು.